ಹೆಲ್ತ್ ಇನ್ಶೂರೆನ್ಸ್ ಪ್ರೀಮಿಯಂ ದಿಢೀರ್ ಏರಿದೆಯಾ? ಬಿಟ್ಟಾಕೋಕೆ ಮುಂಚೆ ಇಷ್ಟು ಮಾಡಿ

ಅಮ್ಮನ ಹೆಲ್ತ್ ಪಾಲಿಸಿಯ ರಿನ್ಯೂವಲ್ ಮೆಸೇಜ್ ಬಂದಾಗ ಅವರು ಮೊದಲು ಹೇಳಿದ್ದೇ "ಬಿಟ್ಟಾಕು ಅದನ್ನ" ಅಂತ. 2025ರ ನವೆಂಬರ್ ಮಾತು. ಹಿಂದಿನ ವರ್ಷ 33,040 ರೂಪಾಯಿ ಕಟ್ಟಿದ್ವಿ, ಈ ಸಲ 38,600 ಅಂತ ಬಂದಿತ್ತು. ನಾನೂ ಐದೂವರೆ ಸಾವಿರ ತಾನೇ, ಕಟ್ಟಿ ಕೈ ತೊಳ್ಕೊಳ್ಳೋಣ ಅಂದ್ಕೊಂಡೆ. ರಾತ್ರಿ ಊಟ ಆದ್ಮೇಲೆ ಹಳೇ ಪಾಲಿಸಿ ಶೆಡ್ಯೂಲು, ಹೊಸ ಕೋಟು ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಪೆನ್ಸಿಲ್ ಹಿಡ್ಕೊಂಡು ಕೂತಾಗ ಗೊತ್ತಾಯ್ತು, ಏರಿರೋದು ಐದೂವರೆ ಸಾವಿರ ಅಲ್ಲವೇ ಅಲ್ಲ ಅಂತ.

ಹಳೇ 33,040ರಲ್ಲಿ 28,000 ಮಾತ್ರ ಅಸಲು ಪ್ರೀಮಿಯಂ, ಉಳಿದ 5,040 ಜಿಎಸ್‌ಟಿ, ಅಂದ್ರೆ 18 ಪರ್ಸೆಂಟ್. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹೆಲ್ತ್ ಪಾಲಿಸಿಗಳ ಮೇಲಿನ ಜಿಎಸ್‌ಟಿ ಪೂರ್ತಿ ಹೋಯ್ತಲ್ಲ, ಮನೆಯೋರಿಗೆಲ್ಲಾ ಸೇರಿ ಒಂದೇ ಕವರ್ ಇರೋ ಫ್ಯಾಮಿಲಿ ಫ್ಲೋಟರ್‌ಗೂ ಸೀನಿಯರ್ ಸಿಟಿಜನ್ ಪಾಲಿಸಿಗೂ ಸೇರಿಸಿ, ಹಾಗಾಗಿ ಹೊಸ 38,600ರಲ್ಲಿ ಟ್ಯಾಕ್ಸೇ ಇಲ್ಲ, ಅಷ್ಟೂ ಕಂಪನಿಗೆ. 28,000 ಇದ್ದಿದ್ದು 38,600 ಆಗಿದೆ. ಹತ್ತು ಸಾವಿರದ ಆರುನೂರು, ಹತ್ರಹತ್ರ 38 ಪರ್ಸೆಂಟ್! ಟ್ಯಾಕ್ಸ್ ಹೋದ ಜಾಗದಲ್ಲಿ ಕಂಪನಿ ಸದ್ದಿಲ್ಲದೆ ಬಂದು ಕೂತಿತ್ತು.

ಅದಕ್ಕೇ ಯಾರು ಕೇಳಿದ್ರೂ ನಾನು ಮೊದಲು ಹೇಳೋದು ಇದನ್ನೇ, ಒಟ್ಟು ಮೊತ್ತ ನೋಡ್ಬೇಡಿ, ಟ್ಯಾಕ್ಸ್ ಕಳೆದು ಬೇಸ್ ಪ್ರೀಮಿಯಂ ಜೊತೆ ಬೇಸ್ ಪ್ರೀಮಿಯಂ ಹೋಲಿಸಿ. ಸಿಟ್ಟು ಮಾಡ್ಕೊಳ್ಳೋದಾ, ಸುಮ್ನಿರೋದಾ ಅಂತ ಆಮೇಲೆ ನೋಡೋಣ.

ಮೊದಲು ತಾರೀಖು ಬರ್ಕೊಳ್ಳಿ

ಪಾಲಿಸಿ ಮುಗಿಯೋ ದಿನ ಯಾವುದು, ಇವತ್ತಿಂದ ಅದಕ್ಕೆ ಎಷ್ಟು ದಿನ ಇದೆ. ಇದರ ಮೇಲೆ ನಿಮ್ಮ ಮುಂದಿನ ದಾರಿ ನಿಂತಿದೆ. ಬೇರೆ ಕಂಪನಿಗೆ ಪೋರ್ಟ್ ಮಾಡೋ ಯೋಚನೆ ಇದ್ರೆ ಸಾಮಾನ್ಯವಾಗಿ ರಿನ್ಯೂವಲ್‌ಗೆ 60ರಿಂದ 45 ದಿನ ಮುಂಚಿನ ಕಿಟಕಿಯಲ್ಲೇ ಅರ್ಜಿ ಹಾಕ್ಬೇಕು. ಕೊನೇ ವಾರದಲ್ಲಿ ಎದ್ದು ಓಡಾಡಿದ್ರೆ ಆ ಬಾಗಿಲು ಮುಚ್ಚಿರತ್ತೆ, ಆಗ ಇರೋ ಪಾಲಿಸೀನೇ ರಿನ್ಯೂ ಮಾಡಿ ಮುಂದಿನ ವರ್ಷ ಬೇಗ ಶುರು ಮಾಡೋದು ಬಿಟ್ರೆ ಬೇರೆ ಬುದ್ಧಿವಂತಿಕೆ ಕೆಲಸ ಮಾಡಲ್ಲ.

ಕಟ್ಟೋ ದಿನ ದಾಟಿದ್ಮೇಲೂ ದುಡ್ಡು ಕಟ್ಟೋಕೆ ಸಿಗೋ ಗ್ರೇಸ್ ಪೀರಿಯಡ್ ಇದೆಯಲ್ಲ ಅಂತ ಆರಾಮಾಗಿರೋರು ತುಂಬಾ ಜನ. ವರ್ಷಕ್ಕೊಂದ್ಸಲ ಕಟ್ಟೋರಿಗೆ 30 ದಿನ, ತಿಂಗಳ ಕಂತಿನವರಿಗೆ 15 ದಿನ ಇರತ್ತೆ, ನಿಜ. ಆದ್ರೆ ವರ್ಷದ ಪಾಲಿಸಿ ಮುಗಿದು ದುಡ್ಡು ಕಟ್ಟದೇ ಇರೋ ಆ ದಿನಗಳಲ್ಲಿ ಆಸ್ಪತ್ರೆ ಸೇರಿದ್ರೆ ಕ್ಲೈಮ್ ಸಿಗತ್ತೆ ಅಂತ ನಂಬ್ಕೋಬೇಡಿ. ಗ್ರೇಸ್ ಪೀರಿಯಡ್ ಉಳಿಸೋದು ನಿಮ್ಮ ಪಾಲಿಸಿಯ ವಯಸ್ಸನ್ನ, ಆ ದಿನಗಳ ಕವರ್ ಅಲ್ಲ.

ಈ ಪಾಲಿಸಿ ವಯಸ್ಸು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಬಿಟ್ಟಾಕ್ತೀನಿ ಅನ್ನೋರು ಇದರ ಲೆಕ್ಕ ಹಾಕಿರಲ್ಲ. ಶುಗರ್, ಬಿಪಿ, ಥೈರಾಯ್ಡ್ ಥರ ಮೊದಲೇ ಇದ್ದ ಕಾಯಿಲೆಗೆ ವೇಟಿಂಗ್ ಪೀರಿಯಡ್, ಅಂದ್ರೆ ಕ್ಲೈಮ್ ಸಿಗೋಕೆ ಕಾಯ್ಬೇಕಾದ ಕಾಲ, ಹೆಚ್ಚಂದ್ರೆ 36 ತಿಂಗಳು, 2024ರ ಏಪ್ರಿಲ್‌ಗೆ ಮುಂಚೆ 48 ಇತ್ತು. ಇನ್ನು 60 ತಿಂಗಳು ಬಿಡದೆ ಕಟ್ಕೊಂಡು ಬಂದ್ರೆ ಮೊರಟೋರಿಯಂ ಮುಗಿಯತ್ತೆ, ಅದಾದ್ಮೇಲೆ ನೀವು ಅದು ಹೇಳಿಲ್ಲ ಇದು ಮುಚ್ಚಿಟ್ರಿ ಅಂತ ಕಂಪನಿ ಕ್ಲೈಮ್ ತಳ್ಳಿಹಾಕೋ ಹಾಗಿಲ್ಲ, ವಂಚನೆ ಅಂತ ಸಾಬೀತಾದ್ರೆ ಮಾತ್ರ. ಅಮ್ಮನ ಪಾಲಿಸಿಗೆ ಆಗ ನಾಲ್ಕು ವರ್ಷ ತುಂಬಿತ್ತು, ಶುಗರ್ ಇದೆ, ವೇಟಿಂಗ್ ಎಲ್ಲಾ ಕಳೆದಿತ್ತು, ಇನ್ನೊಂದು ವರ್ಷಕ್ಕೆ ಮೊರಟೋರಿಯಂ ಕೂಡ ಮುಗೀತಿತ್ತು. ಹತ್ತು ಸಾವಿರದ ಸಿಟ್ಟಿಗೆ ಅದನ್ನ ಬಿಟ್ಟು 56ನೇ ವಯಸ್ಸಲ್ಲಿ ಶುಗರ್ ಇಟ್ಕೊಂಡು ಹೊಸದಾಗಿ ಪಾಲಿಸಿ ಕೇಳ್ಕೊಂಡು ಹೋದ್ರೆ ಮತ್ತೆ ಒಂದನೇ ಕ್ಲಾಸಿಂದ ಶುರು, ಅದೂ ಸೀಟು ಕೊಟ್ರೆ.

ಏರಿದ್ದು ಯಾಕೆ ಅಂತ ಬಿಡಿಸಿ ಕೇಳಿ

"ಮೆಡಿಕಲ್ ಇನ್‌ಫ್ಲೇಶನ್ ಸರ್" ಅಂತ ಕಸ್ಟಮರ್ ಕೇರ್‌ನೋರು ಹೇಳ್ತಾರೆ. ಅದು ಸುಳ್ಳಲ್ಲ, ಆದ್ರೆ ಉತ್ತರಾನೂ ಅಲ್ಲ. ಏರಿಕೆಗೆ ಸಾಮಾನ್ಯವಾಗಿ ಒಂದಕ್ಕಿಂತ ಜಾಸ್ತಿ ಕಾರಣ ಒಟ್ಟಿಗೆ ಸೇರ್ಕೊಂಡಿರತ್ತೆ, ಅದನ್ನ ಬೇರೆ ಮಾಡಿದ್ರೆ ಯಾವುದನ್ನ ಕಡಿಮೆ ಮಾಡಿಸ್ಕೋಬಹುದು ಯಾವುದಕ್ಕೆ ತಲೆ ಬಗ್ಗಿಸ್ಬೇಕು ಅಂತ ಗೊತ್ತಾಗತ್ತೆ.

ಒಂದು, ಏಜ್ ಬ್ಯಾಂಡ್. ಬಹಳ ಪ್ಲಾನ್‌ಗಳಲ್ಲಿ ರೇಟು ಐದೈದು ವರ್ಷದ ಮೆಟ್ಟಿಲ ಥರ ಇರತ್ತೆ, 51ರಿಂದ 55, 56ರಿಂದ 60 ಹೀಗೆ. ಐದು ವರ್ಷ ಹೆಚ್ಚುಕಡಿಮೆ ಒಂದೇ ಥರ ಇದ್ದು ಆರನೇ ವರ್ಷ ಟಪ್ ಅಂತ ಹಾರತ್ತೆ. ಫ್ಲೋಟರ್ ಆಗಿದ್ರೆ ಮನೆಯ ಹಿರಿಯರ ವಯಸ್ಸೇ ಲೆಕ್ಕಕ್ಕೆ ಮುಖ್ಯ. ಎರಡು, ರೇಟ್ ರಿವಿಷನ್, ಅಂದ್ರೆ ಆ ಪ್ಲಾನ್ ತಗೊಂಡ ಎಲ್ಲರಿಗೂ ಕಂಪನಿ ರೇಟ್ ಏರಿಸಿರೋದು. ಮೂರು, ಪಾಲಿಸಿ ಮೇಲೆ ದುಡ್ಡು ಕೊಟ್ಟು ಸೇರಿಸ್ಕೊಳ್ಳೋ ಆಡ್-ಆನ್‌ಗಳು. ನಾಲ್ಕು, ಹೋದ ವರ್ಷ ಇದ್ದ ಯಾವುದೋ ಡಿಸ್ಕೌಂಟ್ ಈ ವರ್ಷ ಇಲ್ಲದೇ ಇರೋದು, ನೀವು ಕ್ಲೈಮ್ ಮಾಡಿ ನೋ ಕ್ಲೈಮ್ ಡಿಸ್ಕೌಂಟ್ ಹೋಗಿರಬಹುದು, ವಾಕಿಂಗ್ ಸ್ಟೆಪ್ಸ್ ಲೆಕ್ಕದ ವೆಲ್‌ನೆಸ್ ಡಿಸ್ಕೌಂಟ್ ಹೋಗಿರಬಹುದು. ಐದು, ಊರು. ಸಣ್ಣ ಊರಿಂದ ಮಹಾನಗರಕ್ಕೆ ವಿಳಾಸ ಬದಲಾಯಿಸಿದ್ರೆ ಕೆಲವು ಪ್ಲಾನ್‌ಗಳಲ್ಲಿ ಝೋನ್ ಬದಲಾಗಿ ರೇಟೂ ಬದಲಾಗತ್ತೆ.

ಫೋನಲ್ಲಿ ಕೇಳ್ಬೇಡಿ, ಮೇಲ್ ಹಾಕಿ. ನಾನು ಹಾಕಿದ್ದು ಹೆಚ್ಚುಕಡಿಮೆ ಹೀಗಿತ್ತು, ಬೇಕಾದ್ರೆ ಎತ್ಕೊಳ್ಳಿ:

"ಪಾಲಿಸಿ ನಂಬರ್ ಇಂಥದ್ದು. ಹಿಂದಿನ ವರ್ಷದ ಬೇಸ್ ಪ್ರೀಮಿಯಂ ಇಷ್ಟು, ಈ ವರ್ಷದ್ದು ಇಷ್ಟು. ವ್ಯತ್ಯಾಸದಲ್ಲಿ ಏಜ್ ಬ್ಯಾಂಡ್‌ನಿಂದ ಎಷ್ಟು, ರೇಟ್ ರಿವಿಷನ್‌ನಿಂದ ಎಷ್ಟು, ಆಡ್-ಆನ್‌ನಿಂದ ಎಷ್ಟು, ಡಿಸ್ಕೌಂಟ್ ಬದಲಾವಣೆಯಿಂದ ಎಷ್ಟು ಅಂತ ಬೇರೆಬೇರೆಯಾಗಿ ಬರಹದಲ್ಲಿ ತಿಳಿಸಿ. ರೇಟ್ ರಿವಿಷನ್ ಆಗಿದ್ರೆ ನಮಗೆ ಅದರ ನೋಟಿಸ್ ಕಳಿಸಿದ ದಿನಾಂಕವನ್ನೂ ತಿಳಿಸಿ."

ಕೊನೇ ಸಾಲು ಸುಮ್ನೆ ಹಾಕಿದ್ದಲ್ಲ. ನಿಮ್ಮ ಪಾಲಿಸಿ ಪುಸ್ತಕದ ಕಂಡೀಷನ್ಸ್ ಭಾಗದಲ್ಲಿ ಪ್ರೀಮಿಯಂ ರೇಟ್ ಬದಲಾಯಿಸೋಕೆ ಮೂರು ತಿಂಗಳು ಮುಂಚೆ ತಿಳಿಸ್ತೀವಿ ಅನ್ನೋ ಸಾಲು ಇದೆಯಾ ನೋಡಿ, ಬಹಳಷ್ಟು ಪಾಲಿಸಿಗಳಲ್ಲಿ ಇರತ್ತೆ. ಆ ಪುಸ್ತಕ ಪೂರ್ತಿ ಓದೋಕೆ ಯಾರಿಗೂ ತಾಳ್ಮೆ ಇರಲ್ಲ, ಪಿಡಿಎಫ್‌ನಲ್ಲಿ ಸರ್ಚ್ ಮಾಡಿ. ಏಜ್ ಬ್ಯಾಂಡ್ ಏರಿಕೆಗೆ ಈ ವಾದ ನಡೆಯಲ್ಲ, ಅದು ಮೊದಲೇ ಒಪ್ಕೊಂಡಿರೋ ರೇಟ್ ಚಾರ್ಟ್ ಪ್ರಕಾರ ಬರೋದು.

ನಮಗೆ ಆರು ದಿನಕ್ಕೆ ಉತ್ತರ ಬಂತು. ಅಮ್ಮನಿಗೆ 56 ತುಂಬಿದ್ದಕ್ಕೆ 4,500. ರೇಟ್ ರಿವಿಷನ್ 3,800. ಇನ್ನುಳಿದ 2,300? ಎರಡು ಆಡ್-ಆನ್. ನಾವು ಕೇಳೇ ಇರ್ಲಿಲ್ಲ, ರಿನ್ಯೂವಲ್ ಲಿಂಕ್ ಒತ್ತಿ ಪೇಮೆಂಟ್ ಪೇಜಿಗೆ ಹೋಗೋ ಮುಂಚಿನ ಪೇಜಲ್ಲಿ ಸಣ್ಣಕೆ ಎರಡು ಟಿಕ್ ಹಾಕಿಟ್ಟಿದ್ರು, ಒಂದು ಆಸ್ಪತ್ರೆ ದಿನಭತ್ಯೆ ಥರದ್ದು, ಇನ್ನೊಂದು ಅಪಘಾತದ್ದು. ಟಿಕ್ ತೆಗೆದ್ರೆ 36,300. ಒಂದು ಮೇಲ್‌ಗೆ 2,300 ರೂಪಾಯಿ, ಕೆಟ್ಟ ಸಂಬಳ ಏನಲ್ಲ.

ಕಂಪನಿ ಏನು ಮಾಡೋ ಹಾಗಿಲ್ಲ

ಅಮ್ಮನ ಪ್ರಶ್ನೆ "ಒಂದು ದಿನಾನೂ ಆಸ್ಪತ್ರೆಗೆ ಹೋಗಿ ಮಲಗಿಲ್ಲ, ನನಗ್ಯಾಕೆ ಜಾಸ್ತಿ?" ಅಂತ. ಪಕ್ಕದ ಮನೆಯೋರದ್ದು ಉಲ್ಟಾ ಹೆದರಿಕೆ, ಹೋದ ವರ್ಷ ದೊಡ್ಡ ಕ್ಲೈಮ್ ಆಗಿದೆ, ಅದಕ್ಕೇ ಏರಿಸಿದ್ದಾರೆ ಅಂತ. ಎರಡಕ್ಕೂ ಉತ್ತರ ಒಂದೇ. ರೇಟು ಆ ಪ್ಲಾನ್‌ನಲ್ಲಿರೋ ಎಲ್ಲರ ಖರ್ಚು ಸೇರಿಸಿ ಲೆಕ್ಕ ಹಾಕೋದು. ನೀವು ಕ್ಲೈಮ್ ಮಾಡಿದ್ರಿ ಅಂತ ನಿಮ್ಮೊಬ್ಬರಿಗೆ ಮಾತ್ರ ರಿನ್ಯೂವಲ್‌ನಲ್ಲಿ ಲೋಡಿಂಗ್, ಅಂದ್ರೆ ಹೆಚ್ಚುವರಿ ಪ್ರೀಮಿಯಂ, ಹಾಕೋ ಹಾಗಿಲ್ಲ. ಹಿಂದೆ ಕ್ಲೈಮ್ ಆಗಿದೆ ಅಂತ ರಿನ್ಯೂವಲ್ ನಿರಾಕರಿಸೋ ಹಾಗೂ ಇಲ್ಲ. ಕವರ್ ಮೊತ್ತ ಏರಿಸದೇ ಇದ್ರೆ ಮತ್ತೆ ಮೆಡಿಕಲ್ ಟೆಸ್ಟ್, ಹೊಸ ತಪಾಸಣೆ ಅಂತ ಕೂರಿಸೋ ಹಾಗೂ ಇಲ್ಲ. ನೋ ಕ್ಲೈಮ್ ಡಿಸ್ಕೌಂಟ್ ಕಳ್ಕೊಳ್ಳೋದು ಮಾತ್ರ ಬೇರೆ ವಿಷಯ, ಅದು ಹೋಗಬಹುದು, ಜನ ಇದನ್ನೇ ಲೋಡಿಂಗ್ ಅಂತ ತಪ್ಪು ತಿಳ್ಕೊಂಡು ಜಗಳಕ್ಕೆ ಹೋಗ್ತಾರೆ.

60 ದಾಟಿದವರಿಗೆ ಇನ್ನೊಂದು ಆಸರೆ ಇದೆ. 2025ರ ಜನವರಿ 30ರಂದು ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಒಂದು ಆದೇಶ ಹೊರಡಿಸ್ತು, ಸೀನಿಯರ್ ಸಿಟಿಜನ್‌ಗಳ ಹೆಲ್ತ್ ಪ್ರೀಮಿಯಂನ ವರ್ಷಕ್ಕೆ 10 ಪರ್ಸೆಂಟ್‌ಗಿಂತ ಜಾಸ್ತಿ ಏರಿಸ್ಬೇಕಂದ್ರೆ ಕಂಪನಿಗಳು ಮೊದಲು ತನ್ನ ಜೊತೆ ಸಮಾಲೋಚನೆ ಮಾಡ್ಬೇಕು ಅಂತ. ಅಪ್ಪ ಅಮ್ಮನ ಪಾಲಿಸಿ ಇದಕ್ಕಿಂತ ಮೇಲೆ ಹೋಗಿದ್ರೆ ಮೇಲ್‌ನಲ್ಲಿ ಈ ಆದೇಶದ ದಿನಾಂಕ ಹಾಕಿ, ಸಮಾಲೋಚನೆ ಆಗಿದೆಯಾ ಅಂತ ನೇರವಾಗಿ ಕೇಳಿ. 10 ಪರ್ಸೆಂಟ್ ಮೇಲೆ ಏರಿಸೋದು ಪೂರ್ತಿ ನಿಷೇಧ ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಿರತ್ತಲ್ಲ, ಅದು ಹಾಗಲ್ಲ.

ಕಡಿಮೆ ಮಾಡೋ ದಾರಿಗಳು, ಕೆಲವು ಒಳ್ಳೇವು ಕೆಲವು ಬಲೆ

ನನ್ನ ಲೆಕ್ಕದಲ್ಲಿ ಮೊದಲನೇದು ಸೂಪರ್ ಟಾಪ್-ಅಪ್. ದೊಡ್ಡ ಬೇಸ್ ಪಾಲಿಸಿ ಹೊರೋದಕ್ಕಿಂತ 5 ಲಕ್ಷದ ಬೇಸ್ ಇಟ್ಕೊಂಡು ಮೇಲೆ, ಬಿಲ್ 5 ಲಕ್ಷ ದಾಟಿದ್ಮೇಲಷ್ಟೇ ದುಡ್ಡು ಕೊಡೋ, ಅಂದ್ರೆ 5 ಲಕ್ಷ ಡಿಡಕ್ಟಿಬಲ್‌ನ 20 ಲಕ್ಷದ ಸೂಪರ್ ಟಾಪ್-ಅಪ್ ತಗೊಂಡ್ರೆ ಎರಡೂ ಸೇರಿ ಅಗ್ಗ ಬೀಳೋದೇ ಜಾಸ್ತಿ. ಆದ್ರೆ ಬರೀ ಟಾಪ್-ಅಪ್ ಬೇರೆ, ಸೂಪರ್ ಟಾಪ್-ಅಪ್ ಬೇರೆ, ಹೆಸರು ನೋಡಿ ಮೋಸ ಹೋಗ್ಬೇಡಿ. ಒಂದೇ ವರ್ಷ 4 ಲಕ್ಷದ್ದೊಂದು 3 ಲಕ್ಷದ್ದೊಂದು ಬಿಲ್ ಬಂತು ಅನ್ಕೊಳ್ಳಿ. ಬೇಸ್ ಪಾಲಿಸಿ 5 ಲಕ್ಷ ಕೊಟ್ಟು ಮುಗೀತು, ಇನ್ನೂ 2 ಲಕ್ಷ ಬಾಕಿ. ಸೂಪರ್ ಟಾಪ್-ಅಪ್ ವರ್ಷದ ಒಟ್ಟು ಬಿಲ್ ನೋಡತ್ತೆ, 7 ಲಕ್ಷ ಆಯ್ತಲ್ಲ ಅಂತ ಆ 2 ಲಕ್ಷ ಕೊಡತ್ತೆ. ಮಾಮೂಲಿ ಟಾಪ್-ಅಪ್ ಒಂದೊಂದೇ ಬಿಲ್ ನೋಡತ್ತೆ, ಯಾವುದೂ 5 ಲಕ್ಷ ದಾಟಿಲ್ಲ, ಹಾಗಾಗಿ ಒಂದು ಪೈಸೆ ಬರಲ್ಲ.

ಇದರಲ್ಲೂ ಒಂದು ಎಚ್ಚರ. ಸೂಪರ್ ಟಾಪ್-ಅಪ್ ಹೊಸ ಪಾಲಿಸಿ, ಅದಕ್ಕೆ ತನ್ನದೇ ವೇಟಿಂಗ್ ಇರತ್ತೆ. ಈಗಲೇ ಬೇಸ್ ಕಡಿತ ಮಾಡಿದ್ರೆ ಆ ವೇಟಿಂಗ್ ಮುಗಿಯೋವರೆಗೆ ಹಳೇ ಕಾಯಿಲೆಗೆ ನಿಮ್ಮ ಕೈಲಿರೋದು ಸಣ್ಣ ಬೇಸ್ ಮಾತ್ರ. ಆಗೋದಾದ್ರೆ ಮೊದಲು ಸೂಪರ್ ಟಾಪ್-ಅಪ್ ತಗೊಂಡು, ಅದರ ವೇಟಿಂಗ್ ಕಳೆದ್ಮೇಲೆ ಬೇಸ್ ಇಳಿಸಿ. ಒಂದ್ಸಲ ಇಳಿಸಿದ ಬೇಸನ್ನ ಮತ್ತೆ ಏರಿಸ್ಬೇಕಂದ್ರೆ ಏರಿಸಿದ ಭಾಗಕ್ಕೆ ಹೊಸ ವೇಟಿಂಗ್, ಕಂಪನಿ ಒಪ್ಪಿಗೆ ಎಲ್ಲಾ ಬೇಕಾಗತ್ತೆ.

ಫ್ಲೋಟರ್ ಇದ್ರೆ ಒಡೆಯೋದು ಇನ್ನೊಂದು ದಾರಿ. 62ರ ಅಪ್ಪ, 35ರ ಮಗ, ಸೊಸೆ, ಮಗು ಎಲ್ಲಾ ಒಂದೇ ಪಾಲಿಸಿಲಿದ್ರೆ ಚಿಕ್ಕವರ ರೇಟೂ ಅಪ್ಪನ ವಯಸ್ಸಿನ ನೆರಳಲ್ಲೇ ಇರತ್ತೆ. ಹಿರಿಯರಿಗೆ ಬೇರೆ, ನಿಮಗೆ ಬೇರೆ ಮಾಡಿ ಎರಡೂ ಕೋಟ್ ತರಿಸಿ ನೋಡಿ. ಬೇರೆ ಮಾಡುವಾಗ ಹಳೇ ವರ್ಷಗಳ ಲೆಕ್ಕ ಎಲ್ಲರಿಗೂ ಮುಂದುವರಿಯತ್ತೆ ಅಂತ ಬರಹದಲ್ಲಿ ತಗೊಳ್ಳಿ.

ಎರಡು ಮೂರು ವರ್ಷದ ಪ್ರೀಮಿಯಂ ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟ್ ಸಿಗೋದುಂಟು, ಅಷ್ಟು ದಿನ ರೇಟ್ ಏರಿಕೆಯ ತಲೆನೋವೂ ಇಲ್ಲ. ಮುಂದಿನ ವರ್ಷ ಏಜ್ ಬ್ಯಾಂಡ್ ಬದಲಾಗೋರಿಗೆ ಇದು ಒಳ್ಳೇ ಉಪಾಯ, ಕೈಲಿ ದುಡ್ಡಿದ್ರೆ.

ಈಗ ಬಲೆಗಳು. ಕೋ-ಪೇ ಒಪ್ಕೊಂಡ್ರೆ ಪ್ರೀಮಿಯಂ ಚೆನ್ನಾಗಿ ಇಳಿಯತ್ತೆ, ಆದ್ರೆ 20 ಪರ್ಸೆಂಟ್ ಕೋ-ಪೇ ಅಂದ್ರೆ 6 ಲಕ್ಷದ ಬಿಲ್‌ಗೆ 1,20,000 ನಿಮ್ಮ ಜೇಬಿಂದ, ಪ್ರತೀ ಸಲ. ಅದಕ್ಕಿಂತ ಕೆಟ್ಟದ್ದು ರೂಮ್ ರೆಂಟ್ ಲಿಮಿಟ್. ದಿನಕ್ಕೆ 5,000 ಲಿಮಿಟ್ ಇದ್ದು ನೀವು 8,000ದ ರೂಮಲ್ಲಿ ಮಲಗಿದ್ರೆ ದಿನಕ್ಕೆ 3,000 ತಾನೇ ವ್ಯತ್ಯಾಸ ಅನ್ಸತ್ತೆ. ಅಲ್ಲ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಇವೆಲ್ಲಾ ಅದೇ ಅನುಪಾತದಲ್ಲಿ ಕಟ್ ಆಗತ್ತೆ. ಇವು ಸೇರಿ 1,60,000 ಆಗಿದ್ರೆ ಕಂಪನಿ ಲೆಕ್ಕಕ್ಕೆ ತಗೊಳ್ಳೋದು ಎಂಟರಲ್ಲಿ ಐದು ಪಾಲು, ಒಂದು ಲಕ್ಷ. 60,000 ನಿಮ್ದು. ಔಷಧಿ, ಇಂಪ್ಲಾಂಟ್, ಟೆಸ್ಟ್‌ಗಳ ಬಿಲ್‌ಗೆ ಈ ಕತ್ತರಿ ಇಲ್ಲ, ಅಷ್ಟೇ ಸಮಾಧಾನ. ವರ್ಷಕ್ಕೆ ಮೂರು ನಾಲ್ಕು ಸಾವಿರ ಉಳಿಸೋಕೆ ಈ ಕಂಡೀಷನ್ ಹಾಕಿಸ್ಕೋಬೇಡಿ ಅಂತ ನಾನು ಕೈ ಮುಗಿದು ಹೇಳ್ತೀನಿ.

ಪೋರ್ಟ್ ಮಾಡೋದಾದ್ರೆ

ನಂಬರ್ ಪೋರ್ಟ್ ಮಾಡಿದ ಹಾಗೇ, ಹೆಲ್ತ್ ಪಾಲಿಸೀನೂ 2011ರಿಂದ ಬೇರೆ ಕಂಪನಿಗೆ ಒಯ್ಯಬಹುದು, ಕಳೆದ ವೇಟಿಂಗ್, ಮೊರಟೋರಿಯಂ ವರ್ಷಗಳು ಜೊತೆಗೇ ಬರತ್ತೆ. ಆದ್ರೆ ಸಿಮ್ ಪೋರ್ಟ್ ಥರ ಗ್ಯಾರಂಟಿ ಇಲ್ಲ, ಹೊಸ ಕಂಪನಿ ನಿಮ್ಮ ಆರೋಗ್ಯ ನೋಡಿ ಬೇಡ ಅನ್ನಬಹುದು. ಹೋದ ವರ್ಷ ಹಾರ್ಟ್‌ಗೆ ಸ್ಟೆಂಟ್ ಹಾಕಿಸ್ಕೊಂಡೋರಿಗೆ ಕಷ್ಟ ಇದೆ, ನಲವತ್ತರ ಆರೋಗ್ಯವಂತರಿಗೆ ಸುಲಭ.

ಕ್ರಮ ಹೀಗಿರ್ಲಿ. ಹೊಸ ಕಂಪನಿಯ ಪ್ಲಾನ್ ಆರಿಸಿ, ರಿನ್ಯೂವಲ್ ಕಿಟಕಿಯೊಳಗೆ ಪೋರ್ಟಬಿಲಿಟಿ ಫಾರ್ಮ್ ಮತ್ತು ಪ್ರಪೋಸಲ್ ಫಾರ್ಮ್ ಎರಡೂ ತುಂಬಿ, ಹಳೇ ಪಾಲಿಸಿಗಳ ಶೆಡ್ಯೂಲ್ ಸಿಕ್ಕಷ್ಟು ಹಿಂದಿನ ವರ್ಷದವು ಕೊಡಿ. 2024ರ ಐಆರ್‌ಡಿಎಐ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಹಳೇ ಕಂಪನಿ ನಿಮ್ಮ ಮಾಹಿತಿನ 72 ಗಂಟೆಯಲ್ಲಿ ಹಂಚ್ಕೋಬೇಕು, ಅದು ಸಿಕ್ಕ 5 ದಿನದಲ್ಲಿ ಹೊಸ ಕಂಪನಿ ಹೂಂ ಅಥವಾ ಉಹೂಂ ಹೇಳ್ಬೇಕು. ಹೂಂ ಅಂತ ಬರಹದಲ್ಲಿ ಬರೋವರೆಗೆ ಹಳೇ ಪಾಲಿಸಿ ಬಿಡ್ಬೇಡಿ. ಬಾಯಿಮಾತಲ್ಲಿ "ಆಗೋಯ್ತು ಮೇಡಂ" ಅಂತ ಏಜೆಂಟ್ ಹೇಳಿದ್ದನ್ನ ನಂಬಿ ತಾರೀಖು ದಾಟಿಸ್ಕೊಂಡು ಕೂತೋರನ್ನ ನಾನೇ ನೋಡಿದ್ದೀನಿ.

ಕವರ್ ಏರಿಸ್ಕೊಂಡು ಪೋರ್ಟ್ ಆದ್ರೆ ಹಳೇ ಮೊತ್ತ ಮತ್ತು ಕ್ಲೈಮ್ ಮಾಡದ ವರ್ಷಗಳಿಗೆ ಸೇರಿದ್ದ ಬೋನಸ್‌ವರೆಗೆ ಮಾತ್ರ ಹಳೇ ವರ್ಷಗಳ ಲಾಭ, ಮೇಲಿನ ಭಾಗಕ್ಕೆ ಹೊಸ ವೇಟಿಂಗ್. ಇನ್ನು ಪ್ರಪೋಸಲ್ ಫಾರ್ಮ್‌ನಲ್ಲಿ ಕಾಯಿಲೆ ಮುಚ್ಚಿಡ್ಬೇಡಿ. "ಬಿಪಿ ಎಲ್ಲಾ ಬರೀಬೇಡಿ, ರಿಜೆಕ್ಟ್ ಆಗತ್ತೆ" ಅನ್ನೋ ಏಜೆಂಟ್‌ಗೆ ಕಮಿಷನ್ ಬಂದಿರತ್ತೆ, ಎರಡು ವರ್ಷ ಬಿಟ್ಟು ಕ್ಲೈಮ್ ರಿಜೆಕ್ಟ್ ಆದಾಗ ಅವನ ಫೋನ್ ಸ್ವಿಚ್ ಆಫ್ ಇರತ್ತೆ. ಆ ಫಾರ್ಮ್ ನೀವೇ ಕೂತು ತುಂಬಿ.

ಪೋರ್ಟ್ ಆಗಲ್ಲ ಅಂತಿದ್ರೆ ಮೈಗ್ರೇಷನ್ ಕೇಳಿ, ಅಂದ್ರೆ ಅದೇ ಕಂಪನಿಯ ಬೇರೆ ಪ್ಲಾನ್‌ಗೆ ಹೋಗೋದು, ವೇಟಿಂಗ್ ಲಾಭ ಉಳಿಯತ್ತೆ. ತೀರಾ ಕೈ ಕಚ್ಚುತ್ತೆ ಅನ್ನೋರು ಆರೋಗ್ಯ ಸಂಜೀವಿನಿ ಅನ್ನೋ ಸ್ಟ್ಯಾಂಡರ್ಡ್ ಪ್ಲಾನ್ ನೋಡ್ಬಹುದು. 2020ರ ಏಪ್ರಿಲ್‌ನಿಂದ ಇದೆ, ಯಾವ ಕಂಪನಿಲಿ ತಗೊಂಡ್ರೂ ಕಂಡೀಷನ್ ಒಂದೇ, ರೇಟು ಮಾತ್ರ ಬೇರೆಬೇರೆ, ಹಾಗಾಗಿ ಹೋಲಿಸೋದು ಸುಲಭ. ಆದ್ರೆ 5 ಪರ್ಸೆಂಟ್ ಕೋ-ಪೇ ಇದೆ, ಮೇಲೆ ಬೈದೆನಲ್ಲ ಆ ರೂಮ್ ರೆಂಟ್ ಲಿಮಿಟ್ಟೂ ಇದೆ. ಪಾಲಿಸೀನೇ ಇಲ್ಲದೇ ಇರೋದಕ್ಕಿಂತ ವಾಸಿ ಅನ್ನೋ ಲೆಕ್ಕ.

ದೂರು

ಕಂಪನಿ ಉತ್ತರ ಕೊಡದೇ ಇದ್ರೆ, ಅಥವಾ ಕ್ಲೈಮ್ ಮಾಡಿದ್ದಕ್ಕೆ ಲೋಡಿಂಗ್ ಹಾಕಿದ್ರೆ, ಮೊದಲು ಅದೇ ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ ಬರೀರಿ, ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಹಾಕಿ, ಇಲ್ಲಾ 155255ಕ್ಕೆ ಫೋನ್ ಮಾಡಿ. ಒಂದು ತಿಂಗಳಾದ್ರೂ ಉತ್ತರ ಇಲ್ಲ ಅಥವಾ ಉತ್ತರ ಸರಿಯಿಲ್ಲ ಅಂದ್ರೆ ವಿಮೆ ತಕರಾರು ತೀರ್ಮಾನಿಸೋ ಇನ್ಶೂರೆನ್ಸ್ ಒಂಬುಡ್ಸ್‌ಮನ್. ಕರ್ನಾಟಕದವರಿಗೆ ಆಫೀಸು ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಫೀಸಿಲ್ಲ, ಲಾಯರ್ ಬೇಕಿಲ್ಲ, ಕಂಪನಿ ಕೈಯೆತ್ತಿದ ಒಂದು ವರ್ಷದೊಳಗೆ ಹೋಗ್ಬೇಕು. ಪಾಲಿಸಿ ಪ್ರಕಾರ ಕಟ್ಬೇಕಾದ ಪ್ರೀಮಿಯಂ ಬಗ್ಗೆ ತಕರಾರು ಅಲ್ಲಿ ತಗೋತಾರೆ. ಆದ್ರೆ ರೇಟ್ ಎಲ್ಲರಿಗೂ ಜಾಸ್ತಿ ಆಯ್ತು, ನನಗೆ ಕಡಿಮೆ ಮಾಡಿ ಅಂತ ಹೋದ್ರೆ ಪ್ರಯೋಜನ ಇಲ್ಲ. ನಿಮ್ಮ ಪಾಲಿಸಿಯ ಯಾವ ಕಂಡೀಷನ್ ಮುರಿದಿದ್ದಾರೆ ಅಂತ ತೋರಿಸ್ಬೇಕು, ಆ ಮೂರು ತಿಂಗಳ ನೋಟಿಸ್ ಸಾಲು ಇಲ್ಲಿ ಕೆಲಸಕ್ಕೆ ಬರತ್ತೆ.

ದೂರು ನಡೀತಿದೆ ಅಂತ ಪ್ರೀಮಿಯಂ ತಡೆಹಿಡೀಬೇಡಿ ಮತ್ತೆ. ಕಟ್ಟಿ, ಆಕ್ಷೇಪಣೆ ಇಟ್ಕೊಂಡೇ ಕಟ್ತಿದ್ದೀನಿ ಅಂತ ಮೇಲ್ ಹಾಕಿ, ಆಮೇಲೆ ಜಗಳ ಆಡಿ.

ಟ್ಯಾಕ್ಸ್ ವಿಷಯ ಚುಟುಕಾಗಿ. ಹಳೇ ತೆರಿಗೆ ಪದ್ಧತಿಯಲ್ಲಿ ಇರೋರಿಗೆ ಎಲ್ಲರೂ 80ಡಿ ಅಂತ ಕರೆಯೋ ವಿನಾಯಿತಿ ಇದೆ, ನಿಮ್ಮ ಕುಟುಂಬಕ್ಕೆ 25,000, ಅಪ್ಪ ಅಮ್ಮ 60 ದಾಟಿದ್ರೆ ಅವರಿಗೆ ಕಟ್ಟಿದ್ದಕ್ಕೆ ಬೇರೆ 50,000. ಹೊಸ ಪದ್ಧತಿಯವರಿಗಿಲ್ಲ. ಪ್ರೀಮಿಯಂ ನಗದಾಗಿ ಕಟ್ಟಿದ್ರೂ ಇಲ್ಲ.

ಅಮ್ಮಂದು ಕೊನೆಗೆ ಏನಾಯ್ತು ಅಂದ್ರೆ, ಎರಡು ಕಂಪನಿಲಿ ಪೋರ್ಟ್ ಕೋಟ್ ತರಿಸಿದೆ. ಒಂದು ಶುಗರ್ ನೋಡಿ ಲೋಡಿಂಗ್ ಹಾಕಿ 41,000 ಅಂತು, ಇನ್ನೊಂದು 30,000ಕ್ಕೆ ಒಪ್ತು, ಆದ್ರೆ ಕೆಳಗೆ 20 ಪರ್ಸೆಂಟ್ ಕೋ-ಪೇ ಕೂತಿತ್ತು. ಹಳೇದನ್ನೇ ಎರಡೂ ಟಿಕ್ ತೆಗೆದು 36,300ಕ್ಕೆ ರಿನ್ಯೂ ಮಾಡಿದ್ವಿ. ಅಮ್ಮ ಇನ್ನೂ ದುಡ್ಡು ದಂಡ ಅಂತಾನೇ ಗೊಣಗ್ತಾರೆ. ನಾನು ಮುಂದಿನ ಸಲಕ್ಕೆ ಎರಡು ತಿಂಗಳು ಮುಂಚಿನ ದಿನಕ್ಕೆ ಫೋನಲ್ಲಿ ರಿಮೈಂಡರ್ ಇಟ್ಟು, ಅದರಲ್ಲಿ ಒಂದೇ ಸಾಲು ಬರೆದಿಟ್ಟಿದ್ದೀನಿ: ಬೇಸ್ 36,300, ಟಿಕ್ ನೋಡು.